ನವಿಲಿಗೆ ಜೊತೆ ಯಾರು?

2018ರ ಜನವರಿಯಲ್ಲಿ ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ಒಬ್ಬ ಮಹಿಳೆ ತಾವು ಸಾಕಿದ ನವಿಲಿನ ಜೊತೆ ಬಂದರು. ನವಿಲಿನ ಹೆಸರು ಡೆಕ್ಸ್‌ಟರ್. ಇದು ನನ್ನ ಮನಸ್ಸಿಗೆ ಆಸರೆಯಾಗಿರುವ ಹಕ್ಕಿ, ನನ್ನ ಜೊತೆಗೇ ವಿಮಾನದಲ್ಲಿ ಬರಬೇಕು ಅನ್ನುವುದು ಅವರ ಬೇಡಿಕೆ. ಯುನೈಟೆಡ್ ಏರ್‌ಲೈನ್ಸ್ ಒಪ್ಪಲಿಲ್ಲ. ಲಗೇಜ್ ಗಾಡಿಯ ಮೇಲೆ ಕೂತ ಡೆಕ್ಸ್‌ಟರ್ ಫೋಟೋ ಪ್ರಪಂಚದ ತುಂಬ ಓಡಾಡಿತು. ವಿಮಾನ ಕಂಪನಿ ಮಾಡಿದ್ದು ಸರಿಯೋ ತಪ್ಪೋ ಅಂತ ದೊಡ್ಡ ಚರ್ಚೆಯೇ ಆಯಿತು. 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಸಾರಿಗೆ ಇಲಾಖೆ ನಿಯಮವನ್ನೇ ಬದಲಿಸಿತು. ಮನಸ್ಸಿನ ಆಸರೆಗೆ ಅಂತ ತರುವ ಪ್ರಾಣಿಗಳನ್ನು ವಿಮಾನದಲ್ಲಿ ಮಾಮೂಲಿ ಸಾಕುಪ್ರಾಣಿಯಂತೆ ನೋಡಬಹುದು ಎಂದಿತು.

ಮನುಷ್ಯರಿಗೆ ನವಿಲು ಎಷ್ಟು ಆಸರೆ ಅನ್ನುವ ಬಗ್ಗೆ ಎಲ್ಲರೂ ಮಾತಾಡಿದರು. ಆ ನವಿಲಿಗೆ ಯಾರು ಜೊತೆ ಅನ್ನುವ ಪ್ರಶ್ನೆ ಮಾತ್ರ ಹಿಂದೆ ಉಳಿಯಿತು. ಈ ಲೇಖನ ಆ ಪ್ರಶ್ನೆಯ ಬಗ್ಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ನವಿಲು ಸಾಕುವ ಹಾಗಿಲ್ಲ. 1963ರಿಂದ ಅದು ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ, ಅಂದರೆ ಹುಲಿ ಆನೆಗಳ ಜೊತೆಗೆ, ಅದರ ಹೆಸರಿದೆ. ಹಿಡಿಯುವುದು, ಕೂಡಿಹಾಕುವುದು, ಮೊಟ್ಟೆ ಎತ್ತಿಕೊಂಡು ಬರುವುದು ಎಲ್ಲವೂ ಅಪರಾಧ. ಮೂರರಿಂದ ಏಳು ವರ್ಷ ಜೈಲು, ಜೊತೆಗೆ ದಂಡ. ತಾನಾಗಿ ಉದುರಿದ ಗರಿಗೆ ಮಾತ್ರ ದೇಶದೊಳಗೆ ವಿನಾಯಿತಿ ಇದೆ. ಆದರೆ ಅಮೆರಿಕ, ಬ್ರಿಟನ್‌ನಂಥ ಕಡೆ ನಮ್ಮದೇ ನೀಲಿ ನವಿಲನ್ನು ಕೋಳಿ, ಬಾತುಗಳ ಹಾಗೆ ಕೊಂಡು ಸಾಕಬಹುದು. ಅಮೆರಿಕದಲ್ಲಿ ಆಯಾ ಊರಿನ ನಿಯಮ ನೋಡಿಕೊಂಡರೆ ಸಾಕು. ಬ್ರಿಟನ್ನಿನ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಅಕ್ಟೋಬರ್‌ನಿಂದ ಒಂದೇ ಒಂದು ನವಿಲಿದ್ದರೂ ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಆ ದೇಶಗಳಲ್ಲಿ ಜಮೀನು ಮಾಡಿಕೊಂಡಿರುವ ನಮ್ಮ ಕನ್ನಡದವರಿಗೆ ಊರಿನ ನೆನಪಿಗೆ ಒಂದು ನವಿಲು ತಂದುಕೊಳ್ಳೋಣ ಅನ್ನಿಸುವುದು ಸಹಜ. ತೊಂದರೆ ಶುರುವಾಗುವುದು ಆ ‘ಒಂದು’ ಅನ್ನುವಲ್ಲಿ.

ನವಿಲಿನ ಒಡನಾಟ ಬೇರೆ ಹಕ್ಕಿಗಳಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ. ಗಿಳಿಗಳ ಹಾಗೆ ಅದು ಜೋಡಿ ಕಟ್ಟುವುದಿಲ್ಲ. ಬೆಳ್ಳಕ್ಕಿಗಳ ಹಾಗೆ ದೊಡ್ಡ ಹಿಂಡಿನಲ್ಲಿ ಹಾರುವುದೂ ಇಲ್ಲ. ಅದರ ಜೊತೆಗಾರಿಕೆ ಕಾಲಕ್ಕೆ ತಕ್ಕ ಹಾಗೆ, ಗಂಡು ಹೆಣ್ಣಿಗೆ ತಕ್ಕ ಹಾಗೆ, ವಯಸ್ಸಿಗೆ ತಕ್ಕ ಹಾಗೆ ಬದಲಾಗುತ್ತದೆ. ಬೆದೆಯ ಕಾಲದಲ್ಲಿ ಬೆಳೆದ ಗಂಡು ತನ್ನದೊಂದು ಜಾಗ ಹಿಡಿದು ನಿಲ್ಲುತ್ತದೆ. ಬೇರೆ ಗಂಡು ಒಳಗೆ ಕಾಲಿಟ್ಟರೆ ಅಟ್ಟುತ್ತದೆ. ಆದರೆ ಆ ಇನ್ನೊಂದು ಗಂಡಿನ ಜಾಗವೂ ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇರುತ್ತದೆ. ಹೀಗೆ ಗಂಡುಗಳೆಲ್ಲ ಅಕ್ಕಪಕ್ಕ ಸೋಗೆ ಬಿಚ್ಚಿ ನಿಂತಿರುತ್ತವೆ. ಹೆಣ್ಣುಗಳು ಗುಂಪಾಗಿ ಬಂದು ಸುತ್ತಾಡಿ, ನೋಡಿ, ತಮಗೆ ಬೇಕಾದ ಗಂಡನ್ನು ಆರಿಸಿಕೊಳ್ಳುತ್ತವೆ. ಮಳೆಗಾಲ ಕಳೆದು ಸೋಗೆ ಉದುರಿದ ಮೇಲೆ ಗಂಡಿನ ಜಗಳಗಂಟಿತನವೂ ಇಳಿಯುತ್ತದೆ. ಅವು ಮತ್ತೆ ಒಟ್ಟಿಗೆ ಮೇಯುತ್ತವೆ. ಹೆಣ್ಣುಗಳು ಮರಿಗಳ ಜೊತೆ ಬೇರೆ ಗುಂಪು. ಸಂಜೆಗೆ ಎಲ್ಲವೂ ಕೂಗುತ್ತಾ ಬಂದು, ಒಂದೊಂದಾಗಿ ಎತ್ತರದ ಮರ ಹತ್ತುತ್ತವೆ.

ಗಂಡಿಗೆ ಒಂಟಿತನವೇ ಇಷ್ಟ ಅಂತ ಅಂದುಕೊಳ್ಳುವವರು ಇದ್ದಾರೆ. ಇಂಗ್ಲೆಂಡಿನ ವಿಪ್ಸ್‌ನೇಡ್ ಪಾರ್ಕ್‌ನಲ್ಲಿ ಸಂಶೋಧಕಿ ಮರಿಯನ್ ಪೆಟ್ರಿ ಮತ್ತು ಸಂಗಡಿಗರು ಮಾಡಿದ ಕೆಲಸ ಬೇರೆಯೇ ಚಿತ್ರ ಕೊಡುತ್ತದೆ. ಬೇರೆ ಬೇರೆ ಗಂಡುಗಳ ಮರಿಗಳನ್ನು ಬೆರೆಸಿ, ತಮ್ಮ ಒಡಹುಟ್ಟು ಯಾರು ಅಂತ ತಿಳಿಯದ ಹಾಗೆ ಬೆಳೆಸಿ, ಪಾರ್ಕಿನಲ್ಲಿ ಬಿಟ್ಟರು. ದೊಡ್ಡವಾದ ಮೇಲೆ ಗಂಡುಗಳು ತಂತಮ್ಮ ಕುಣಿಯುವ ಜಾಗ ಆರಿಸಿಕೊಂಡವು. ಅಣ್ಣತಮ್ಮಂದಿರ ಜಾಗಗಳು ಅಕ್ಕಪಕ್ಕವೇ ಬಂದಿದ್ದವು. 1999ರಲ್ಲಿ ಇದು ಪ್ರಕಟವಾಯಿತು. ಪರಸ್ಪರ ಅಟ್ಟಾಡಿಸಿಕೊಳ್ಳುವ ಗಂಡುಗಳೂ ಒಂದು ನೆರೆಹೊರೆ ಕಟ್ಟಿಕೊಂಡೇ ಬದುಕುತ್ತವೆ, ಅದರಲ್ಲೂ ತಮ್ಮವರ ನೆರೆಹೊರೆ. ನವಿಲಿನ ಬಗ್ಗೆ ನಾನು ಓದಿದ್ದರಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು.

ಆ ಕುಣಿತವನ್ನು ಹತ್ತಿರದಿಂದ ನೋಡಿದರೆ ಎದುರಿಗೆ ಇನ್ನೊಂದು ನವಿಲು ಇರಲೇಬೇಕು ಅನ್ನುವುದು ಗೊತ್ತಾಗುತ್ತದೆ. ಹೆಣ್ಣು ಹತ್ತಿರ ಬಂದಾಗ ಗಂಡು ಮೊದಲು ಬೆನ್ನು ತೋರಿಸುತ್ತದೆ. ಕಂದು ಕೆಂಪಿನ ರೆಕ್ಕೆಗಳನ್ನು ಕೆಳಗಿಳಿಸಿ ಪಟಪಟ ಅಲುಗಿಸುತ್ತದೆ. ಆಮೇಲೆ ಗಕ್ಕನೆ ತಿರುಗಿ ಸೋಗೆಯನ್ನು ಅವಳ ಕಡೆ ಬಾಗಿಸುತ್ತದೆ. ಅಷ್ಟೂ ಗರಿಗಳು ಸೆಕೆಂಡಿಗೆ ಸುಮಾರು 25 ಸಲ ಕಂಪಿಸುತ್ತವೆ. ಒಣ ಎಲೆಗಳ ಮೇಲೆ ಮಳೆ ಹನಿ ಬಿದ್ದ ಹಾಗೆ ಸದ್ದು ಬರುತ್ತದೆ. ಗರಿಗಳು ಅಷ್ಟು ಜೋರಾಗಿ ನಡುಗುತ್ತಿದ್ದರೂ ನವಿಲುಗಣ್ಣುಗಳು ಮಾತ್ರ ಅಲುಗಾಡದೆ ನಿಂತಂತೆ ಕಾಣುತ್ತವೆ. ಹೆಣ್ಣು ಎತ್ತ ಸರಿದರೂ ಗಂಡು ಅತ್ತ ತಿರುಗುತ್ತದೆ. ಈ ಹಕ್ಕಿಯನ್ನು ಒಂಟಿಯಾಗಿ ಇಟ್ಟರೆ ಕುಣಿತ ನಿಲ್ಲುವುದಿಲ್ಲ. ಎದುರಿಗೆ ಯಾರು ಸಿಕ್ಕರೆ ಅವರ ಮುಂದೆ ನಡೆಯುತ್ತದೆ.

ಇದಕ್ಕೆ ತುಂಬ ದುಃಖದ ಉದಾಹರಣೆ ವಿಯೆನ್ನಾದ ಷೋನ್‌ಬ್ರುನ್ ಮೃಗಾಲಯದ ಒಂದು ಬಿಳಿ ನವಿಲು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ ಮುಂದೆ ನೊಬೆಲ್ ಪಡೆದ ಕೊನ್ರಾಡ್ ಲೊರೆನ್ಸ್ ಅದರ ಕಥೆ ಬರೆದಿಟ್ಟಿದ್ದಾರೆ. ಮೊದಲ ಮಹಾಯುದ್ಧ ಮುಗಿದ ಹೊಸತು. ಬೇಗ ಮೊಟ್ಟೆಯೊಡೆದ ಮರಿಗಳೆಲ್ಲ ಚಳಿಗೆ ಸತ್ತು ಒಂದೇ ಒಂದು ಉಳಿಯಿತು. ಅದನ್ನು ಉಳಿಸಿಕೊಳ್ಳಲು ನೋಡಿಕೊಳ್ಳುವವರು ಮೃಗಾಲಯದಲ್ಲೇ ಬೆಚ್ಚಗಿದ್ದ ಕೋಣೆಗೆ ತಂದುಬಿಟ್ಟರು. ಅದು ದೈತ್ಯ ಆಮೆಗಳ ಮನೆ. ಮರಿ ಬದುಕಿತು, ಚೆನ್ನಾಗಿಯೇ ಬೆಳೆಯಿತು. ಆದರೆ ದೊಡ್ಡದಾದ ಮೇಲೆ ಸೋಗೆ ಬಿಚ್ಚಿ ಕುಣಿದದ್ದು ಆಮೆಗಳ ಮುಂದೆ. ಹೆಣ್ಣು ನವಿಲುಗಳು ಎದುರಿಗೆ ಬಂದರೂ ತಿರುಗಿ ನೋಡಲಿಲ್ಲ. ಬದುಕಿರುವವರೆಗೂ ಹಾಗೇ ಇತ್ತು.

ಇದಕ್ಕೆ ಅಚ್ಚೊತ್ತುವಿಕೆ ಅನ್ನುತ್ತಾರೆ. ಮೊಟ್ಟೆಯಿಂದ ಹೊರಬಂದ ಮರಿಗೆ ತಾನು ನವಿಲು ಅನ್ನುವ ತಿಳಿವಳಿಕೆ ಪೂರ್ತಿಯಾಗಿ ಹುಟ್ಟಿನಿಂದ ಬರುವುದಿಲ್ಲ. ಮೊದಲ ದಿನಗಳಲ್ಲಿ ಯಾರ ಹಿಂದೆ ಓಡಾಡಿತೋ ಅವರನ್ನೇ ತಾಯಿ ಅಂತ ಹಿಡಿಯುತ್ತದೆ. ಮುಂದಿನ ವಾರಗಳಲ್ಲಿ ಸುತ್ತ ಯಾರಿದ್ದರೋ ಅವರೇ ತನ್ನ ಜಾತಿ ಅಂತ ಮನಸ್ಸಿನಲ್ಲಿ ಅಚ್ಚಾಗುತ್ತದೆ. ಈ ಎರಡನೇ ಅಚ್ಚು ತಕ್ಷಣ ಕಾಣುವುದಿಲ್ಲ. ಎರಡು ಮೂರು ವರ್ಷ ಕಳೆದು ಹಕ್ಕಿ ಪ್ರಾಯಕ್ಕೆ ಬಂದಾಗಲೇ ಅದು ಹೊರಗೆ ಬರುವುದು. ಹಾಗಾಗಿ ಮರಿಯನ್ನು ಕೈಯಲ್ಲಿ ಸಾಕಿದವರಿಗೆ ಮೊದಲ ವರ್ಷ ಎಲ್ಲವೂ ಮುದ್ದಾಗಿಯೇ ಕಾಣುತ್ತದೆ. ಭುಜದ ಮೇಲೆ ಕೂರುತ್ತದೆ, ಕರೆದರೆ ಬರುತ್ತದೆ, ಅಡುಗೆಮನೆ ಬಾಗಿಲಲ್ಲಿ ನಿಂತು ಕಾಯುತ್ತದೆ. ಮೂರನೇ ವರ್ಷ ಅದೇ ಗಂಡು ಮನೆಯವರಲ್ಲಿ ಒಬ್ಬರನ್ನು ಹೆಣ್ಣು ಅಂತ, ಇನ್ನೊಬ್ಬರನ್ನು ಎದುರಾಳಿ ಅಂತ ನೋಡಲು ಶುರು ಮಾಡಬಹುದು. ಅದಕ್ಕೆ ಮನುಷ್ಯರ ಭಯ ಇರುವುದಿಲ್ಲ. ನಾಲ್ಕೈದು ಕೆಜಿ ತೂಕದ ಹಕ್ಕಿ ಎಗರಿ ಕಾಲಿನ ಮುಳ್ಳಿನಿಂದ ಒದೆಯುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ನಿಜಕ್ಕೂ ಅಪಾಯ. ನವಿಲು ಕೆಟ್ಟದಾಯಿತು ಅಂತ ಆಗ ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ಅದು ಕೆಟ್ಟಿರುವುದಿಲ್ಲ. ಅದಕ್ಕೆ ಕಲಿಸಿದ ಜಾತಿಯವರ ಜೊತೆ ಅದು ನವಿಲಿನ ಹಾಗೇ ನಡೆದುಕೊಳ್ಳುತ್ತಿದೆ, ಅಷ್ಟೇ ಅಲ್ವಾ?

ತಾಯಿಯ ಜೊತೆ ಬೆಳೆದು, ಆಮೇಲೆ ಒಂಟಿಯಾದ ನವಿಲಿನ ಪಾಡು ಬೇರೆ ಥರ. ಅದಕ್ಕೆ ತಾನು ಯಾರು ಅಂತ ಗೊತ್ತಿದೆ, ತನ್ನವರು ಮಾತ್ರ ಇಲ್ಲ. ಅದು ಕೂಗುತ್ತದೆ. ಬೆಳಗಿನ ಜಾವ, ಸಂಜೆ, ಬೆದೆಗಾಲದಲ್ಲಿ ಮಧ್ಯರಾತ್ರಿಯಲ್ಲೂ. ಉತ್ತರ ಬರದಿದ್ದರೆ ಇನ್ನೂ ಜಾಸ್ತಿ ಕೂಗುತ್ತದೆ. ಆಮೇಲೆ ಹುಡುಕಿಕೊಂಡು ಹೊರಡುತ್ತದೆ. ತೆರೆದ ಜಾಗದಲ್ಲಿ ಬಿಟ್ಟ ಒಂಟಿ ಗಂಡು ಊರು ದಾಟಿ ಹೋಗಿ, ಯಾರದೋ ಕೋಳಿ ಮನೆಯ ಮುಂದೆ ಸಿಗುವುದು ವಿದೇಶದ ಸಾಕಣೆದಾರರಿಗೆ ಹೊಸದೇನಲ್ಲ. ಹಾಗೆ ಹೋದ ಹಕ್ಕಿಯನ್ನು ಹಿಡಿದು ತಂದರೂ ಮತ್ತೆ ಹೋಗುತ್ತದೆ.

ಕೆಲವರು ಒಂಟಿ ನವಿಲಿಗೆ ಕನ್ನಡಿ ಇಡುತ್ತಾರೆ. ನನಗೆ ಇದು ಸ್ವಲ್ಪವೂ ಸರಿ ಕಾಣುವುದಿಲ್ಲ. ಕನ್ನಡಿಯಲ್ಲಿರುವುದು ತಾನೇ ಅಂತ ನವಿಲಿಗೆ ತಿಳಿಯುವುದಿಲ್ಲ. ಬೇರೆ ಕಾಲದಲ್ಲಿ ಅದರ ಪಕ್ಕ ಸುಮ್ನೆ ಕೂರಬಹುದು. ಬೆದೆಗಾಲ ಬಂದರೆ ಅದೇ ಕನ್ನಡಿ ಎದುರಾಳಿ. ಹೊಳೆಯುವ ಕಾರಿನ ಬಾಗಿಲಿಗೆ, ಕಿಟಕಿ ಗಾಜಿಗೆ ನವಿಲು ಕುಕ್ಕುವುದು, ಎಗರಿ ಒದೆಯುವುದು ಇದೇ ಕಾರಣಕ್ಕೆ. ಸೋಲದ, ಓಡಿಹೋಗದ ಎದುರಾಳಿಯ ಜೊತೆ ದಿನವಿಡೀ ಸೆಣಸಿ ಕೊಕ್ಕು, ಕಾಲು ಗಾಯ ಮಾಡಿಕೊಳ್ಳುತ್ತದೆ.

ಹಾಗಾದರೆ ಕೋಳಿಗಳ ಜೊತೆ ಬಿಟ್ಟರೆ ಆಗುವುದಿಲ್ಲವೇ? ಎಲ್ಲರೂ ಮೊದಲು ಕೇಳುವುದು ಇದನ್ನೇ. ನೋಡಲು ಹೊಂದಿಕೊಂಡ ಹಾಗೇ ಕಾಣುತ್ತದೆ, ಒಟ್ಟಿಗೆ ಮೇಯುತ್ತವೆ. ಆದರೆ ಇದರಲ್ಲಿ ಕಣ್ಣಿಗೆ ಕಾಣದ ಒಂದು ಕಾಯಿಲೆಯಿದೆ. ವಿದೇಶದಲ್ಲಿ ಅದನ್ನು ಬ್ಲ್ಯಾಕ್‌ಹೆಡ್ ಅನ್ನುತ್ತಾರೆ. ಹಿಸ್ಟೊಮೊನಾಸ್ ಅನ್ನುವ ಏಕಕೋಶ ಜೀವಿ ಇದಕ್ಕೆ ಕಾರಣ. ಅದು ಓಡಾಡುವ ದಾರಿ ಹೀಗೆ. ಕೋಳಿಯ ಕರುಳಿನಲ್ಲಿ ಒಂದು ಸಣ್ಣ ದಾರದಂಥ ಹುಳು ಇರುತ್ತದೆ. ಹಿಸ್ಟೊಮೊನಾಸ್ ಆ ಹುಳುವಿನ ಮೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಕೋಳಿ ಹಿಕ್ಕೆಯ ಜೊತೆ ಮೊಟ್ಟೆ ಮಣ್ಣಿಗೆ ಬೀಳುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಎರೆಹುಳು ಮಣ್ಣಿನ ಜೊತೆ ಅದನ್ನೂ ನುಂಗುತ್ತದೆ. ನವಿಲು ಎರೆಹುಳುವನ್ನು ತಿನ್ನುತ್ತದೆ. ಕೋಳಿಗೆ ಸಾಮಾನ್ಯವಾಗಿ ಇದರಿಂದ ಏನೂ ಆಗುವುದಿಲ್ಲ. ನವಿಲಿಗೆ, ಅದರಲ್ಲೂ ಮರಿಗೆ, ಯಕೃತ್ತು ಮತ್ತು ಕರುಳು ಹಾಳಾಗುತ್ತದೆ. ಹಿಕ್ಕೆ ಗಂಧಕದ ಹಾಗೆ ಹಳದಿಯಾಗುತ್ತದೆ, ರೆಕ್ಕೆ ಜೋತು ಬೀಳುತ್ತದೆ, ಹಕ್ಕಿ ಮಂಕಾಗುತ್ತದೆ. ಅಷ್ಟು ಹೊತ್ತಿಗೆ ಉಳಿಸಿಕೊಳ್ಳುವುದು ಕಷ್ಟ. ಅಮೆರಿಕದಲ್ಲಿ ಟರ್ಕಿ ಕೋಳಿಗಳಿಗೆ ಈ ರೋಗ ಬಾರದಂತೆ ಕೊಡುತ್ತಿದ್ದ ನೈಟಾರ್ಸೋನ್ ಅನ್ನುವ ಔಷಧಿಯಲ್ಲಿ ಆರ್ಸೆನಿಕ್ ಇತ್ತು. ಅದು 2015ರ ಕೊನೆಗೆ ಮಾರುಕಟ್ಟೆಯಿಂದ ಹೊರಗೆ ಹೋಯಿತು.

ಇನ್ನೂ ಒಂದು ತೊಂದರೆ ಇದೆ. ಬೆದೆಗೆ ಬಂದ ಒಂಟಿ ಗಂಡು ಹೇಂಟೆಗಳ ಮೇಲೆ ಎರಗುತ್ತದೆ. ತನಗಿಂತ ಮೂರು ಪಟ್ಟು ತೂಕದ ಹಕ್ಕಿಯ ಕೆಳಗೆ ಸಿಕ್ಕ ಹೇಂಟೆಗೆ ಪೆಟ್ಟಾಗುತ್ತದೆ. ಒಟ್ಟಿನಲ್ಲಿ ಈ ಜೊತೆಯಿಂದ ಎರಡು ಕಡೆಗೂ ನಷ್ಟವೇ.

ಕೊನೆಗೆ ನವಿಲಿಗೆ ಜೊತೆ ಅಂದರೆ ಇನ್ನೊಂದು ನವಿಲೇ. ಎಷ್ಟು ಅನ್ನುವುದು ಮುಂದಿನ ಪ್ರಶ್ನೆ. ಅನುಭವಸ್ಥ ಸಾಕಣೆದಾರರು ಒಂದು ಗಂಡಿಗೆ ಮೂರು, ನಾಲ್ಕು ಹೆಣ್ಣು ಇಡುತ್ತಾರೆ. ಒಂದು ಗಂಡು, ಒಂದು ಹೆಣ್ಣು ಸಾಕಲ್ಲವೇ ಅನ್ನಿಸಬಹುದು. ಗಂಡು ಹೆಣ್ಣಿನ ಜೋಡಿ ಅಂದರೆ ನಮಗೆ ಸಂಸಾರದ ಚಿತ್ರವೇ ಕಣ್ಣಿಗೆ ಬರುತ್ತದೆ. ನವಿಲಿಗೆ ಅದು ಹೊಂದುವುದಿಲ್ಲ. ಕಾಡಿನಲ್ಲಿ ಬೇಡವಾದಾಗ ಹೆಣ್ಣು ಹೊರಟು ಹೋಗುತ್ತದೆ. ಜಾಲರಿಯೊಳಗೆ ಹೋಗಲು ಜಾಗವಿಲ್ಲ. ಗಂಡಿನ ಕಾಟ ಪೂರ್ತಿ ಅದೊಂದರ ಮೇಲೆ ಬೀಳುತ್ತದೆ. ನಾಲ್ಕು ಹೆಣ್ಣಿದ್ದರೆ ಆ ಕಾಟ ಹಂಚಿಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೆಣ್ಣುಗಳಿಗೆ ಹೆಣ್ಣುಗಳೇ ವರ್ಷದ ಹೆಚ್ಚಿನ ಕಾಲ ನಿಜವಾದ ಜೊತೆ.

ಎರಡು ಬೆಳೆದ ಗಂಡುಗಳನ್ನು ಹೆಣ್ಣುಗಳ ಜೊತೆ ಸಣ್ಣ ಆವರಣದಲ್ಲಿ ಇಟ್ಟರೆ ಬೆದೆಗಾಲದಲ್ಲಿ ರಕ್ತ ಬರುವ ಹಾಗೆ ಕಾದಾಡುತ್ತವೆ. ಹೆಣ್ಣೇ ಇಲ್ಲದ ಕಡೆ ಅದೇ ಗಂಡುಗಳು ಬಹುಮಟ್ಟಿಗೆ ತಣ್ಣಗಿರುತ್ತವೆ. ಮರಿ ಮಾಡಿಸುವ ಆಸೆ ಇಲ್ಲದವರು ಬರೀ ಗಂಡುಗಳನ್ನು ಅಥವಾ ಬರೀ ಹೆಣ್ಣುಗಳನ್ನು ಸಾಕುವುದುಂಟು. ನನ್ನ ಕೇಳಿದರೆ ಹೊಸಬರಿಗೆ ಇದು ಒಳ್ಳೆಯ ದಾರಿ. ಮರಿ ಕೊಳ್ಳುವಾಗ ಜೋಡಿ ಅಂತ ಹೇಳಿ ಕೊಟ್ಟದ್ದು ಎರಡೂ ಗಂಡೇ ಆಗಿರುವ ಸಾಧ್ಯತೆಯೂ ಇದೆ, ಎಳೆಯದರಲ್ಲಿ ನೋಡಿ ಹೇಳುವುದು ಕಷ್ಟ. ಒಂದು ಗರಿ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ.

ಮರಿಯ ವಿಷಯದಲ್ಲಿ ಒಂದು ಅನ್ನುವ ಲೆಕ್ಕವೇ ಬೇಡ. ತಾಯಿ ನವಿಲು ಮರಿಯನ್ನು ಸಾಕುವ ರೀತಿ ನೋಡಿದರೆ ಯಾಕೆ ಅಂತ ತಿಳಿಯುತ್ತದೆ. ಕೋಳಿ ಕಾಳು ತೋರಿಸಿ ಕರೆಯುತ್ತದೆ, ಮರಿ ನೆಲದಿಂದ ಹೆಕ್ಕುತ್ತದೆ. ನವಿಲು ಹುಳುವನ್ನು ತನ್ನ ಕೊಕ್ಕಿನ ತುದಿಯಲ್ಲಿ ಹಿಡಿದು ತಲೆ ಬಗ್ಗಿಸಿ ನಿಲ್ಲುತ್ತದೆ. ಮರಿ ಕತ್ತು ಚಾಚಿ ಆ ಕೊಕ್ಕಿನಿಂದಲೇ ಕಿತ್ತುಕೊಳ್ಳುತ್ತದೆ. ಎರಡು ವಾರಕ್ಕೆಲ್ಲ ಮರಿ ಪುರ್ರನೆ ಹಾರಿ ಕೊಂಬೆ ಹತ್ತುತ್ತದೆ. ರಾತ್ರಿ ತಾಯಿ ಕೊಂಬೆಯ ಮೇಲೆ ಕೂತು ರೆಕ್ಕೆ ಸ್ವಲ್ಪ ಸಡಿಲ ಬಿಡುತ್ತದೆ. ಮರಿಗಳು ಎರಡೂ ಪಕ್ಕ ಅದರ ಕೆಳಗೆ ತೂರಿಕೊಳ್ಳುತ್ತವೆ. ತಿಂಗಳುಗಟ್ಟಲೆ ಹೀಗೆ ತಾಯಿಯ ಬೆನ್ನಿಗೇ ಇರುವ ಮರಿಯನ್ನು ಒಂಟಿಯಾಗಿ ರಟ್ಟಿನ ಡಬ್ಬಿಯಲ್ಲಿ ಬಲ್ಬಿನ ಕೆಳಗೆ ಇಟ್ಟರೆ ಅದು ಎಡೆಬಿಡದೆ ಚೀರುತ್ತದೆ. ತಿನ್ನಲು ತೋರಿಸಿಕೊಡುವವರಿಲ್ಲದೆ ಎಷ್ಟೋ ಮರಿ ತಿನ್ನುವುದೇ ಇಲ್ಲ. ಕಾವುಪೆಟ್ಟಿಗೆಯಲ್ಲಿ ಮರಿ ಮಾಡಿಸುವವರು ಕನಿಷ್ಠ ಮೂರು ನಾಲ್ಕು ನವಿಲು ಮರಿ ಒಟ್ಟಿಗೆ ಬರುವ ಹಾಗೆ ನೋಡಿಕೊಳ್ಳಬೇಕು.

ಇಷ್ಟು ಹಕ್ಕಿಗಳಿಗೆ ಜಾಗವೂ ಬೇಕು. ಹಕ್ಕಿಯೊಂದಕ್ಕೆ ಸುಮಾರು ನೂರು ಚದರಡಿ ಅಂತ ಸಾಕಣೆದಾರರು ಲೆಕ್ಕ ಹಾಕುತ್ತಾರೆ. ಗಂಡು ಸೋಗೆ ಬಿಚ್ಚಿ ಸುತ್ತು ತಿರುಗುವಷ್ಟು ಅಗಲ, ಆಳಿಗಿಂತ ಎತ್ತರದ ಜಾಲರಿ. ಮಲಗಲು ಎತ್ತರದ ಅಟ್ಟಣೆ ಬೇಕೇ ಬೇಕು, ಅದೂ ಗೋಡೆಗೆ ಅಂಟಿಕೊಂಡಿರಬಾರದು. ಇಲ್ಲದಿದ್ದರೆ ಸೋಗೆ ಮುರಿಯುತ್ತದೆ. ಹಿಮ ಬೀಳುವ ಕಡೆ ಅಟ್ಟಣೆಗೆ ದುಂಡು ಕೋಲಿನ ಬದಲು ಅಗಲ ಹಲಗೆ ಹಾಕುತ್ತಾರೆ. ಹಲಗೆಯ ಮೇಲೆ ಕೂತಾಗ ಹೊಟ್ಟೆಯ ಗರಿ ಬೆರಳುಗಳನ್ನು ಪೂರ್ತಿ ಮುಚ್ಚಿ ಚಳಿಯಿಂದ ಕಾಯುತ್ತದೆ. ಹೊಸದಾಗಿ ತಂದ ಹಕ್ಕಿಯನ್ನು ಒಂದು ತಿಂಗಳಾದರೂ ಬೇರೆ ಇಟ್ಟು, ಹುಳುವಿನ ಔಷಧಿ ಕೊಟ್ಟು, ಆಮೇಲೆ ಗುಂಪಿಗೆ ಸೇರಿಸಬೇಕು. ಚೆನ್ನಾಗಿ ನೋಡಿಕೊಂಡರೆ ಹದಿನೈದು, ಇಪ್ಪತ್ತು ವರ್ಷ ಬದುಕುತ್ತವೆ. ಗುಂಪಿನಲ್ಲಿದ್ದರೂ ಕೂಗು ತಪ್ಪುವುದಿಲ್ಲ. ಅಕ್ಕಪಕ್ಕ ಮನೆ ಇದ್ದವರು ಈ ಆಸೆ ಬಿಡುವುದೇ ಒಳ್ಳೆಯದು.

ಬೇಲಿ ಇಲ್ಲದೆ ಬಿಟ್ಟರೆ ಏನಾಗುತ್ತದೆ ಅಂತ ನೋಡಲು ಲಾಸ್ ಏಂಜಲೀಸ್ ಹತ್ತಿರದ ಆರ್ಕೇಡಿಯಾ ಇದೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ‘ಲಕ್ಕಿ’ ಬಾಲ್ಡ್‌ವಿನ್ ಅನ್ನುವ ಸಿರಿವಂತ ತನ್ನ ಎಸ್ಟೇಟಿಗೆ ಭಾರತದ ನವಿಲು ತರಿಸಿದ. ಅವುಗಳ ಸಂತತಿ ಇವತ್ತು ಅಲ್ಲಿನ ಬೀದಿಗಳಲ್ಲಿ, ಮನೆಗಳ ಹೆಂಚಿನ ಮೇಲೆ ಓಡಾಡಿಕೊಂಡಿದೆ. ಕೂಗು, ಹಿಕ್ಕೆ, ಕಾರಿನ ಗೀರು ಸಾಕಾಗಿ 2021ರಲ್ಲಿ ಲಾಸ್ ಏಂಜಲೀಸ್ ಕೌಂಟಿ ನವಿಲಿಗೆ ತಿನ್ನಲು ಹಾಕುವುದನ್ನೇ ನಿಷೇಧಿಸಲು ಹೊರಟಿತು. ಫ್ಲೋರಿಡಾದ ಪೈನ್‌ಕ್ರೆಸ್ಟ್ ಊರು 2023ರಲ್ಲಿ ಗಂಡು ನವಿಲುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುವ ಯೋಜನೆ ಹಾಕಿತು.

ನಮ್ಮ ಕಡೆ ಬಂದರೆ, ನವಿಲು ಸಾಕಲು ಯಾರೂ ದುಡ್ಡು ಕೊಟ್ಟು ತರುವುದಿಲ್ಲ. ಅದು ಹೊಲದಲ್ಲಿ ಸಿಕ್ಕ ಮೊಟ್ಟೆಯಿಂದ ಶುರುವಾಗುತ್ತದೆ. ಹಾವೇರಿ ಜಿಲ್ಲೆಯ ಬಂಕಾಪುರ, ಮಂಡ್ಯ ಜಿಲ್ಲೆಯ ಆದಿಚುಂಚನಗಿರಿ ಎರಡು ಕಡೆಯೂ ನವಿಲುಧಾಮ ಇದೆ. ಆದರೆ ನವಿಲು ಧಾಮದೊಳಗೇ ಇರುವುದಿಲ್ಲ. ಹೊಲದ ಬದುವಿನ ಹುಲ್ಲಲ್ಲಿ, ಪೊದೆಯ ಬುಡದಲ್ಲಿ ನೆಲ ಕೆರೆದು ಮೊಟ್ಟೆ ಇಡುತ್ತದೆ. ಹುಲ್ಲು ಕೊಯ್ಯುವಾಗ ತಾಯಿ ಎದ್ದು ಓಡುತ್ತದೆ. ಅಯ್ಯೋ ಪಾಪ, ತಾಯಿ ಬಿಟ್ಟು ಹೋಯಿತು ಅಂತ ಮೊಟ್ಟೆ ತಂದು ಕಾವಿಗೆ ಕೂತ ಕೋಳಿಯ ಕೆಳಗೆ ಇಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮೇಲೆ ಹೇಳಿದ್ದೆಲ್ಲ ಆ ಮರಿಗೂ ಆಗುತ್ತದೆ. ಕೋಳಿಯನ್ನು ತಾಯಿ ಅನ್ನುತ್ತದೆ, ಕೋಳಿಯ ಕಾಯಿಲೆ ಹಿಡಿಸಿಕೊಳ್ಳುತ್ತದೆ, ನಾಯಿಗೂ ಮನುಷ್ಯರಿಗೂ ಹೆದರದೆ ಬೆಳೆಯುತ್ತದೆ. ಆಮೇಲೆ ಕಾಡಿಗೆ ಬಿಟ್ಟರೆ ಬದುಕುವುದು ಕಷ್ಟ. ಕಾನೂನಿನ ತೊಂದರೆ ಬೇರೆ.

ತಾಯಿ ಓಡಿಹೋದದ್ದು ಮೊಟ್ಟೆ ಬಿಟ್ಟು ಅಲ್ಲ, ನಿಮಗೆ ಹೆದರಿ. ನೀವು ದೂರ ಸರಿದರೆ ಸಾಮಾನ್ಯವಾಗಿ ತಿರುಗಿ ಬರುತ್ತದೆ. ಮೊಟ್ಟೆ ಮುಟ್ಟಬೇಡಿ. ಸುತ್ತ ನಾಲ್ಕಾರು ಮಾರು ಹುಲ್ಲನ್ನೋ ಬೆಳೆಯನ್ನೋ ಹಾಗೇ ನಿಲ್ಲಿಸಿ, ಗುರುತಿಗೆ ಕೋಲು ನೆಟ್ಟು, ಉಳಿದದ್ದನ್ನು ಕೊಯ್ದುಕೊಳ್ಳಿ. ನಾಯಿ ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ಒಂಟಿ ಮರಿ ಕಂಡರೂ ಎತ್ತಿಕೊಳ್ಳಬೇಡಿ. ತಾಯಿ ಪೊದೆಯಲ್ಲೇ ಅಡಗಿರುತ್ತದೆ, ಮರಿಯ ಕೂಗು ಕೇಳಿ ಬರುತ್ತದೆ. ಗಾಯವಾಗಿದ್ದರೆ ಅಥವಾ ತಾಯಿ ಸತ್ತಿರುವುದು ಕಣ್ಣಿಗೆ ಕಂಡರೆ ಮಾತ್ರ ಹತ್ತಿರದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ. ಕಾವು ಸುಮಾರು 28 ದಿನ. ಮರಿಗಳು ಹೊರಬಂದ ಮೇಲೆ ಗೂಡಿನಲ್ಲಿ ಕೂರುವುದಿಲ್ಲ, ಒಂದೆರಡು ದಿನದಲ್ಲೇ ತಾಯಿಯ ಹಿಂದೆ ಹೊರಡುತ್ತವೆ. ಆಮೇಲೆ ಆ ಮೂಲೆಯನ್ನೂ ಕೊಯ್ದುಕೊಳ್ಳಬಹುದು.